ಅರ್ಧ ಮಾಂಸದ ರಜೆ

ನನ್ನ ಅಕ್ಕ ಹೋಟೆಲೊಂದರ ಲಾಂಡ್ರಿಯಲ್ಲಿ ಚಾದರಗಳಿಗೆ ಇಸ್ತ್ರಿ ಹಾಕುತ್ತಾಳೆ. ದಿನವಿಡೀ ನಿಂತೇ ಇರುವ ಕೆಲಸ. ಜನಕ್ಕೆಲ್ಲ ರಜೆ ಬಂದರೆ ಹೋಟೆಲಿಗೆ ಸುಗ್ಗಿ, ಅಕ್ಕನ ಕಾಲಿಗೆ ಬಾವು. ಅವಳಿಗೆ ರಜೆ ಸಿಗುವುದು ಆ ಸುಗ್ಗಿಯ ಕೊನೆಯ ಎರಡು ದಿನ. ಆಗಲೂ ಒಲೆಯ ಮುಂದೆ ನಿಲ್ಲುವುದೇ. ಇದಕ್ಕೂ ರಜೆ ಅಂತ ಹೆಸರು, ನೋಡಿ!

ಅವಳಿಗಿರುವುದು ಒಂದೇ ಆಸೆ, ಮಾಂಸ. ಅದರಲ್ಲೂ ಮೂಳೆಯ ಚೂರು. ಲಾಂಡ್ರಿಯಲ್ಲಿ ಒಣ ಬ್ರೆಡ್ಡು ಕಚ್ಚಿಕೊಂಡೇ ರಜೆಯ ಊಟಕ್ಕೆ ಕಾದಿರುತ್ತಾಳೆ. ನನಗೋ, ಡಾಕ್ಟರು ಮಾಂಸ ಬಿಡಿಸಿ ವರ್ಷಗಳಾದವು.

ಈ ಸಲ ಕಾಲೇಜು ಓದುವ ಅವಳ ಮಗಳು ಹೊಸ ಮಾತು ತೆಗೆದಳು. "ಅಮ್ಮಾ, ರಜೇಲಿ ಎಲ್ಲರೂ ಮಾಂಸಾನ ಮಿತಿಮೀರಿ ತಿಂತಾರೆ, ಭೂಮಿಗೆ ಎಷ್ಟು ಭಾರ ಗೊತ್ತಾ? ಈ ಸಲ ಅರ್ಧಾನೇ ಮಾಡೋಣ, ಉಳಿದದ್ದು ತರಕಾರಿ."

ಮಾತಿನಲ್ಲಿ ತಪ್ಪೇನಿಲ್ಲ. ಭಾವ, ಅವರ ತಮ್ಮ, ಅಕ್ಕನ ಮಗ ಎಲ್ಲರೂ ಹೂಂ ಎಂದರು. ಹೂಂ ಅನ್ನುವುದಕ್ಕೇನು ಕಷ್ಟ? ಅಷ್ಟೂ ತರಕಾರಿ ಸುಲಿದು ಹೆಚ್ಚಿದ್ದು ನಾನು ಮತ್ತು ಅಕ್ಕ.

ಊಟದ ಹೊತ್ತಿಗೆ ತರಕಾರಿಯ ಕಡೆ ಯಾರೂ ತಿರುಗಿಯೂ ನೋಡಲಿಲ್ಲ. ಮಾಂಸವನ್ನು ಮಾತ್ರ ಎಂದಿನಷ್ಟೇ ಹಾಕಿಸಿಕೊಂಡರು, ಮತ್ತೆ ಕೇಳಿದರು. ಅಕ್ಕ ಬಡಿಸುತ್ತಲೇ ಇದ್ದಳು. ಕೊನೆಗೆ ತಾನು ಕೂರುವಾಗ ಪಾತ್ರೆಯಲ್ಲಿ ಏನೂ ಇರಲಿಲ್ಲ.

"ನೋಡಿದ್ರಾ? ಅರ್ಧ ಮಾಡಿದ್ರೂ ಯಾರಿಗೂ ಕಡಿಮೆ ಬೀಳಲಿಲ್ಲ!" ಎಂದಳು ಮಗಳು.

ನನಗೆ ಮೈಯೆಲ್ಲ ಉರಿದುಹೋಯಿತು. "ಕಣ್ಣು ಬಿಟ್ಟು ನಿಮ್ಮಮ್ಮನ ತಟ್ಟೆ ನೋಡೇ," ಎಂದೆ. ತಟ್ಟೆಯಲ್ಲಿದ್ದದ್ದು ಬರೀ ತರಕಾರಿ.

"ಹೋಗ್ಲಿ ಬಿಡೇ, ಭೂಮಿಗೆ ನನ್ನ ಪಾಲು ಕೊಟ್ಟೆ ಅಂದ್ಕೋತೀನಿ," ಎಂದು ಅಕ್ಕ ನಕ್ಕಳು. ನಗುವುದಕ್ಕೂ ಅವಳಲ್ಲಿ ತ್ರಾಣ ಉಳಿದಿರಲಿಲ್ಲ. ಪಾಪ, ಮಗಳ ಮುಖ ಸಣ್ಣದಾಯಿತು.

ಮರುದಿನವೂ ಅರ್ಧವೇ. ಆದರೆ ಸೌಟು ಮಗಳ ಕೈಗೆ ಹೋಗಿತ್ತು. ಅಮ್ಮನನ್ನು ಭುಜ ಹಿಡಿದು ಕೂರಿಸಿ, ಮೊದಲು ಅವಳಿಗೇ ಮೂಳೆಯ ಚೂರು ಹಾಕಿ, ಉಳಿದವರಿಗೆ ಸಮನಾಗಿ ಹಂಚಿದಳು. ಜೊತೆಗೆ ತಟ್ಟೆ ತುಂಬ ತರಕಾರಿ. ಭಾವ ತಮಗೆ ಬಂದ ಚೂರುಗಳನ್ನು ಗಬಗಬನೆ ಮುಗಿಸಿ, "ಇನ್ನೊಂದು ಸಿಗುತ್ತಾ?" ಎಂದರು. ಪಾತ್ರೆ ಖಾಲಿ. ಅವರ ಕಣ್ಣು ತಾನಾಗಿಯೇ ಅಕ್ಕನ ತಟ್ಟೆಗೆ ಹೋಯಿತು.

ಅಕ್ಕ ಏಳಲಿಲ್ಲ. ಎಡಗೈಯನ್ನು ತಟ್ಟೆಗೆ ಅಡ್ಡವಿಟ್ಟು, "ಇದು ನಂದು ಕಣ್ರೀ," ಎಂದಳು.