ಕತ್ತಲಕ್ಕನ ಟೈರು ಕೋಣೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೋಟಾರ್ ಸೈಕಲ್ ಟೈರು ಮಾರುವ ಅಂಗಡಿಯ ಹಿಂಬಾಗಿಲ ಬೀಗ ತೆಗೆದು ಒಳಗೆ ಕಾಲಿಟ್ಟ ಹೆಂಗಸು ದೀಪ ಹಾಕುವುದಿಲ್ಲ. ಮರದ ಸ್ಟ್ಯಾಂಡುಗಳಲ್ಲಿ ಟೈರುಗಳು ಸಾಲಾಗಿ ನಿಂತಿವೆ. ಒಂದೊಂದನ್ನೂ ಅಂಗೈಯಲ್ಲಿ ಒತ್ತಿ ಹಿಡಿದು, ನಿಂತಲ್ಲೇ ಗೇಣುದ್ದ ಉರುಳಿಸಿ, ಮುಂದಿನದಕ್ಕೆ ಕೈ ಹಾಕುತ್ತಾರೆ. ಇವತ್ತು ಈ ಸಾಲು, ಮುಂದಿನ ವಾರ ಆ ಸಾಲು.

“ಒಂದೇ ಕಡೆ ಭಾರ ಬಿಟ್ಟು ನಿಂತ್ರೆ ತಳ ಚಪ್ಪಟೆ ಆಗುತ್ತೆ. ನಮ್ಮತ್ತೆ ಹಾಸಿಗೆ ಹಿಡಿದಾಗ ಹೀಗೇ ಮಗ್ಗುಲು ಬದಲಿಸ್ತಿದ್ದೆ. ಅವರಾದ್ರೆ ಬೈತಿದ್ರು, ಇವಕ್ಕೆ ಬಾಯಿಲ್ಲ” ಎಂದು ನಗುತ್ತಾರೆ.

ಪೇಟೆಯವರ ಬಾಯಲ್ಲಿ ಇವರು ಕತ್ತಲಕ್ಕ. ಕಿಟಕಿಗೆ ಗೋಣಿಚೀಲ ಹೊದಿಸಿ ಬಿಸಿಲನ್ನು ಹೊರಗೆ ನಿಲ್ಲಿಸಿದ ದಿನ ಅಂಗಡಿಯ ಯಜಮಾನರು ಸಿಟ್ಟಿನಲ್ಲಿ ಇಟ್ಟ ಹೆಸರು ಅದು. ಸಿಟ್ಟು ಇಳಿಯಿತು, ಹೆಸರು ಉಳಿಯಿತು.

ಗಂಡ ಇದೇ ಅಂಗಡಿಯಲ್ಲಿ ಟೈರು ಬಿಚ್ಚಿ ಹಾಕುವ ಕೆಲಸದಲ್ಲಿದ್ದರು. ಸೊಂಟ ಹಿಡಿದುಕೊಂಡ ಮೇಲೆ ಮನೆಯಲ್ಲಿ ಕೂತು ಗಾಡಿಗಳ ಸೀಟು ಕವರು ಹೊಲಿಯುತ್ತಿದ್ದಾರೆ. ಅವರ ಬದಲಿಗೆ ಕಸ ಗುಡಿಸಲು ಬಂದವರು ಕತ್ತಲಕ್ಕ. ಗುಡಿಸುತ್ತ ಗುಡಿಸುತ್ತ ಒಂದು ಸಂಗತಿ ಕಣ್ಣಿಗೆ ಬಿತ್ತು. ಕಿಟಕಿಯ ಬಳಿಯ ಟೈರುಗಳ ಮೈಯಲ್ಲಿ, ನೀರಾರಿದ ಕೆರೆಯಂಗಳದಲ್ಲಿ ಕಾಣುವಂಥ ಬಿರುಕು. ಮೂಲೆಯಲ್ಲಿದ್ದವು ಮಾತ್ರ ಮೆತ್ತಗೆ, ಕಪ್ಪಗೆ ಉಳಿದಿದ್ದವು. “ಬಿತ್ತನೆ ಬೀಜಾನ ಯಾರಾದ್ರೂ ವರ್ಷವಿಡೀ ಅಂಗಳದಲ್ಲಿ ಇಡ್ತಾರಾ? ಕತ್ತಲಲ್ಲಿ, ತಣ್ಣಗಿರೋ ಕಡೆ ಇಡ್ತಾರೆ. ಇದೂ ಹಾಗೇ.”

ಆಮೇಲೆ ಒಂದೊಂದಾಗಿ ಕೋಣೆಯ ಕಾನೂನುಗಳು ಹುಟ್ಟಿಕೊಂಡವು. ಕಿಡಿ ಹಾರಿಸುವ ನೀರಿನ ಮೋಟಾರು ಹೊರಗೆ ಹೋಯಿತು. ಪೆಟ್ರೋಲ್ ಡಬ್ಬಿ ಹೊಸ್ತಿಲು ದಾಟುವಂತಿಲ್ಲ. ಟೈರನ್ನು ಮೊಳೆಗೆ ನೇತು ಹಾಕುವಂತಿಲ್ಲ, ಹೊಳಪಿಗೆಂದು ಎಣ್ಣೆ ಸವರುವಂತಿಲ್ಲ. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳು ಅದು ತಯಾರಾದ ವಾರ, ವರ್ಷವನ್ನು ಹೇಳುತ್ತವೆ. ಅದನ್ನು ನೋಡಿ ಮೊದಲು ಹುಟ್ಟಿದ್ದನ್ನು ಮುಂದೆ ನಿಲ್ಲಿಸುತ್ತಾರೆ, ಮೊದಲು ಹೊರಡಲಿ ಎಂದು.

“ಅಂಗಡಿ ನಂದಾ, ಈ ಅಕ್ಕಂದಾ ಅಂತ ನನಗೇ ಅನುಮಾನ” ಎಂದು ಯಜಮಾನರು ಗೊಣಗುತ್ತಾರೆ. ಗಿರಾಕಿಗಳ ಕಣ್ಣಿಗೆ ಬೀಳಲು ಮುಂಭಾಗದ ಗಾಜಿನ ಹಿಂದೆ ಏನಾದರೂ ಬೇಕಲ್ಲ? ಅದಕ್ಕೊಂದು ಒಪ್ಪಂದ. ಒಂದು ಟೈರು ಬಿಸಿಲಿಗೆ, ಮಿಕ್ಕವೆಲ್ಲ ಕತ್ತಲಿಗೆ. ಗಾಜಿನ ಹಿಂದಿನದು ಇಳಿದ ದಿನ ಕತ್ತಲಕ್ಕ ಅದರ ಒಳ ಅಂಚಿನ ತಂತಿಯನ್ನು ಗರಗಸದಿಂದ ಕೊಯ್ದುಬಿಡುತ್ತಾರೆ. ಮತ್ತೆಂದೂ ಅದು ಯಾವ ಚಕ್ರಕ್ಕೂ ಏರಬಾರದು.

ಇವತ್ತು ಅಂಥ ದಿನ. ಆದರೆ ಗರಗಸ ಕೈಗೆತ್ತಿಕೊಳ್ಳುವ ಮೊದಲೇ, ಎರಡೂ ಬದಿಗೆ ಹಾಲಿನ ಕ್ಯಾನು ಕಟ್ಟಿದ ಮೋಟಾರ್ ಸೈಕಲ್ಲೊಂದು ಬಂದು ನಿಲ್ಲುತ್ತದೆ. ಹಾಲು ಹಾಕಿ ಬಂದ ಕತ್ತಲಕ್ಕನ ಸ್ವಂತ ತಮ್ಮ. ಗಾಡಿಯ ಹಿಂದಿನ ಟೈರು ಎಷ್ಟು ಸವೆದಿದೆಯೆಂದರೆ, ಗೀರುಗಳ ತಳದಲ್ಲಿರುವ ಗುರುತಿನ ಉಬ್ಬುಗಳು ಮೇಲ್ಮೈಗೆ ಸಮನಾಗಿವೆ. ಟೈರು ಬದಲಿಸುವ ಕಾಲ ಬಂತೆಂದು ಹೇಳಲೆಂದೇ ಇರುವ ಉಬ್ಬುಗಳು ಅವು.

“ಅಕ್ಕಾ, ಆ ಗಾಜಿನ ಹಿಂದಿಂದು ನನಗಿರಲಿ. ಯಜಮಾನರು ಅರ್ಧ ಬೆಲೆಗೆ ಹೂಂ ಅಂದಿದ್ದಾರೆ.”

“ಕೇಳಿದ, ಹೂಂ ಅಂದೆ” ಎಂದು ಯಜಮಾನರು ರಸ್ತೆಯ ಕಡೆ ನೋಡುತ್ತಾರೆ.

“ಅದು ಒಣಗಿದೆ ಕಣೋ.”

“ಇನ್ನೂ ನೆಲಾನೇ ಮುಟ್ಟಿಲ್ಲ!”

“ನೆಲ ಮುಟ್ಟಿಲ್ಲ, ಬಿಸಿಲು ಮುಟ್ಟಿದೆ. ಬಗ್ಗು ಇಲ್ಲಿ.” ಹೆಬ್ಬೆರಳಿನಿಂದ ಒತ್ತಿದಾಗ ಕೂದಲೆಳೆಯಂಥ ಬಿರುಕುಗಳು ಬಾಯಿ ತೆರೆದು ಮುಚ್ಚುತ್ತವೆ.

“ಸರಿ, ಮಳೆಗಾಲ ಕಳೀಲಿ. ಆಮೇಲೆ ಹೊಸದೇ ತಗೋತೀನಿ.”

“ಮಳೆ ನಿಂತ ಮೇಲೆ ಕೊಡೆ ಕೊಳ್ತೀಯೇನೋ ಜುಗ್ಗಾ? ಹೊಸ ಟೈರಿನ ಮೈಯೂ ಜಾರುತ್ತೆ. ಒಣ ರಸ್ತೇಲಿ ನಿಧಾನಕ್ಕೆ ಓಡಿಸಿ ಆ ನುಣುಪು ಸವೆಸ್ಬೇಕು. ಈಗ ಹಾಕಿಸಿದ್ರೆ ಮೊದಲ ಮಳೆ ಹೊತ್ತಿಗೆ ನೆಲ ಕಚ್ಚಿ ಹಿಡಿಯುತ್ತೆ. ಹಸೂಗೆ ಹಿಂಡಿ ತರೋವಾಗ ಮೂಸಿ ಮೂಸಿ ನೋಡ್ತೀಯ, ನೀನು ಕೂರೋ ಗಾಡಿಗೆ ಇದು ಸಾಕಾ?”

“ಯಜಮಾನರೇ ಕೊಡ್ತೀನಿ ಅಂದಾಗ ನೀನ್ಯಾರು ಬೇಡ ಅನ್ನೋಕೆ?”

ಕತ್ತಲಕ್ಕ ಟೈರನ್ನು ತೊಡೆಯ ಮೇಲೆ ಎಳೆದುಕೊಂಡು ಗರಗಸ ಆಡಿಸತೊಡಗುತ್ತಾರೆ. ರಬ್ಬರು ಸೀಳುವ ಮೆತ್ತನೆಯ ಸದ್ದು, ಆಮೇಲೆ ತಂತಿಯ ಕಿರ್ರ್ ಎನ್ನುವ ಸದ್ದು. ಟಣ್ಣೆಂದು ತಂತಿ ತುಂಡಾದಾಗ ಯಜಮಾನರೇ ಬೆಚ್ಚುತ್ತಾರೆ. “ಹೋಯ್ತು ಬಿಡಪ್ಪಾ ನಿನ್ನ ಅರ್ಧ ಬೆಲೆ” ಎನ್ನುತ್ತಾರೆ.

ತಮ್ಮ ಮುಖ ಊದಿಸಿಕೊಂಡು ಆಕಾಶ ನೋಡುತ್ತಾನೆ. ಪಡುವಣದಲ್ಲಿ ಮೋಡ ಕಟ್ಟುತ್ತಿದೆ. ಕೊನೆಗೆ ಕ್ಯಾನುಗಳ ಹಗ್ಗ ಬಿಚ್ಚಿ, ಒಂದೊಂದಾಗಿ ಕೆಳಗಿಳಿಸುತ್ತಾನೆ. ಕತ್ತಲಕ್ಕ ಕೋಣೆಗೆ ಹೋಗಿ ಮುಂದಿನ ಸಾಲಿನಿಂದ ಒಂದನ್ನು ಉರುಳಿಸಿಕೊಂಡು ಬರುತ್ತಾರೆ.

ಹೊಸ ಟೈರು ಕೂತ ಮೇಲೆ ತಮ್ಮನ ನಾಲಗೆಗೂ ಜೀವ ಬರುತ್ತದೆ. “ಕೊಯ್ದಿದ್ದನ್ನಾದ್ರೂ ಪುಕ್ಕಟೆ ಕೊಡ್ತೀಯೋ, ಅದಕ್ಕೂ ಕಾನೂನಿದೆಯೋ?”

“ತಗೊಂಡು ಹೋಗು. ಒಳಗೆ ಬಕೆಟ್ಟು ಕೂರಿಸಿದ್ರೆ ಕರು ನೀರು ಉರುಳಿಸಲ್ಲ.”

ಅದನ್ನು ಕ್ಯಾನುಗಳ ಮೇಲೆ ಬಿಗಿದು ಹೊರಟ ತಮ್ಮನ ಬೆನ್ನಿಗೆ ಕೂಗುತ್ತಾರೆ, “ನಿಧಾನ ಕಣೋ, ಇನ್ನೂ ಎಳೇದು!” ಗಾಡಿ ತಿರುವಿನಲ್ಲಿ ಬಾಗದೆ, ನೆಟ್ಟಗೆ, ಮೆಲ್ಲಗೆ ಹೊರಳುವುದನ್ನು ನೋಡಿದ ಮೇಲೆಯೇ ಒಳಗೆ ತಿರುಗುತ್ತಾರೆ.

ನಿಮಗೇನು ಬೇಕು ಎಂದು ನಾನು ಕೇಳಿದರೆ ಕಿಟಕಿ ತೋರಿಸುತ್ತಾರೆ. “ಗೋಣಿಚೀಲ ಹರಿದಿದೆ. ಕಿಟಕಿಗೆ ಒಂದು ದಪ್ಪ ಪರದೆ ಬಂದ್ರೆ ಸಾಕು.” ಮಾತಿನ ನಡುವೆ ತೆರೆದ ಬಾಗಿಲಿನಿಂದ ಬಿಸಿಲು ಮೊದಲ ಸಾಲಿನ ತನಕ ತೆವಳಿ ಬಂದಿರುತ್ತದೆ. “ಸ್ವಲ್ಪ ಪಕ್ಕಕ್ಕೆ ಬನ್ನಿ” ಎಂದು ಬಾಗಿಲು ಮುಂದೆ ಮಾಡುತ್ತಾರೆ.