ಆ ಕಡೆಯ ಜವಾಬು

ನಮ್ಮ ಗೀಗೀ ಪದದ ಮೇಳಗಳಲ್ಲಿ ಒಬ್ಬರು ಹಾಡಿನಲ್ಲಿ ಸವಾಲು ಹಾಕಿದರೆ ಎದುರು ಮೇಳದವರು ಹಾಡಿನಲ್ಲೇ ಜವಾಬು ಕೊಡಬೇಕು. ನನ್ನ ಸವಾಲಿಗೆ ಹತ್ತು ವರ್ಷ ಜವಾಬು ಕೊಟ್ಟವಳು ಇಳಕಲ್ಲಿನ ಒಬ್ಬ ಹಾಡುಗಾರ್ತಿ.

ಎಂಬತ್ತರ ದಶಕದಲ್ಲಿ ಬಾಗಲಕೋಟೆಯ ಕ್ಯಾಸೆಟ್ ಅಂಗಡಿಯವನು ನನ್ನ ಮೇಳವನ್ನಷ್ಟೇ ಕರೆದ. ಹಿಂದಿನ ಕೋಣೆಯ ಕಿಟಕಿಗೆ ಕೌದಿ ಕಟ್ಟಿ ರೆಕಾರ್ಡಿಂಗ್ ಶುರುಮಾಡಿದ. ನಾನು ಮೊದಲ ಸವಾಲು ಹಾಡಿ, ರೂಢಿಯಂತೆ ಸುಮ್ಮನೆ ನಿಂತೆ. ಟೇಪು ತಿರುಗುತ್ತಲೇ ಇತ್ತು.

"ಯಾಕ್ರಿ ನಿಂತ್ರಿ?" ಎಂದ.

"ಆ ಕಡಿಂದ ಜವಾಬು ಬರಬೇಕಲ್ರಿ."

"ಆ ಕಡಿ ಬರೇ ಗ್ವಾಡಿ ಐತ್ರಿ. ಅದನ್ನೂ ನೀವ ಹಾಡ್ರಿ."

ಹಾಡಿದೆ. ಅವಳ ಜವಾಬುಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ಅವಳಂತೆ ಕೊನೆಯ ಸಾಲನ್ನು ಎಳೆಯುವುದೂ ಬರುತ್ತಿತ್ತು. ಕ್ಯಾಸೆಟ್ ಹುನಗುಂದದ ಬಸ್‌ಸ್ಟ್ಯಾಂಡಿನಲ್ಲೂ ಕೇಳಿಸಿತು. ಇನ್ನೆರಡು ಕ್ಯಾಸೆಟ್ ಆದವು. ಊರವರು ಎರಡು ಮೇಳ ಕರೆಸುವ ಬದಲು ಟೇಪು ಹಚ್ಚತೊಡಗಿದರು. ನನಗೂ ಕರೆ ಬರುವುದು ನಿಂತಿತು.

ಒಮ್ಮೆ ಇಳಕಲ್ಲಿನಲ್ಲಿ ಅವಳ ಮನೆಗೆ ಹೋದೆ. ಮಗ್ಗದಿಂದ ಎದ್ದು ಚಹಾ ಕೊಟ್ಟಳು. ಹಾಡಿನ ಮಾತು ತೆಗೆಯಲಿಲ್ಲ. ಹೊರಡುವಾಗ ನಾನೇ ಹಳೆಯ ಸವಾಲೊಂದನ್ನು ಮೆಲ್ಲಗೆ ಹಾಡಿ ಕಾದೆ.

"ಅದರ ಜವಾಬು ನಿಮಗ ಬರ್ತೈತಲ್ರಿ," ಎಂದು ಮತ್ತೆ ನೇಯಲು ಕೂತಳು.