ಮೊದಲ ಮಾತ್ರೆ ಟಪಾಲಣ್ಣನಿಗೆ

ಕಾಲಿನ ಮೀನಖಂಡ ಸೆಟೆದುಕೊಳ್ಳುತ್ತದೆ ಎಂದು ಹೇಳಿದ್ದಕ್ಕೆ ವೈದ್ಯರು ಹೋದ ವಾರ ಚೀಟಿ ಬರೆದುಕೊಟ್ಟರು. ಅಂಗಡಿಯವನು ಕೊಟ್ಟ ಪೊಟ್ಟಣದಲ್ಲಿ ಒಂದಷ್ಟು ಬಿಳಿ ಮಾತ್ರೆಗಳಿದ್ದವು. ಒಂದನ್ನು ನಾಲಿಗೆಯ ಮೇಲಿಟ್ಟು ಲೋಟಕ್ಕೆ ಕೈ ಚಾಚುವಷ್ಟರಲ್ಲಿ ಅದರ ಅಂಚು ಕರಗಿತು. ಆ ಕಹಿ ನನಗೆ ಗೊತ್ತಿತ್ತು. ಬೇವಿನದಲ್ಲ, ಹಾಗಲದ್ದಲ್ಲ, ನಾಲಿಗೆಯಿಂದ ಹೊರಟು ಕಿವಿಯ ಬುಡದವರೆಗೆ ಹೋಗಿ ಅಲ್ಲೇ ಕೂತುಬಿಡುವ ಕಹಿ. ಚೀಟಿಯನ್ನು ಮತ್ತೆ ತೆಗೆದು ನೋಡಿದೆ. ಕ್ವಿನೈನ್. 'ಕಿವಿಯಲ್ಲಿ ಮೊರೆತ ಶುರುವಾದರೆ ಕೂಡಲೇ ನಿಲ್ಲಿಸಿಬಿಡಿ' ಎಂದು ವೈದ್ಯರು ಎರಡು ಸಲ ಹೇಳಿ ಕಳಿಸಿದ್ದರು. ಹನೂರಿನ ಟಪಾಲಣ್ಣನಿಗೆ ಈ ಮಾತನ್ನು ಯಾರೂ ಹೇಳಿರಲಿಲ್ಲ...

ಎರಡನೆಯ ಮಹಾಯುದ್ಧದ ಕಾಲ. ನಾನು ಯಳಂದೂರಿನವನು, ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಹನೂರಿನ ಶಾಲೆಗೆ ಮೇಷ್ಟ್ರಾಗಿ ಹೋಗಿದ್ದೆ. ಯಳಂದೂರು ಮಹಾರಾಜರ ಸೀಮೆ, ಹತ್ತು ಮೈಲಿ ಆಚೆಯ ಕೊಳ್ಳೇಗಾಲ, ಅದರ ತಾಲ್ಲೂಕಿನ ಹನೂರು ಮದರಾಸಿನವರದ್ದು. ಅಷ್ಟಕ್ಕೇ ಊರಿನವರು ನನ್ನನ್ನು 'ಮೈಸೂರು ಮೇಷ್ಟ್ರು' ಎಂದು, ಸಮುದ್ರ ದಾಟಿ ಬಂದವನಂತೆ ನೋಡುತ್ತಿದ್ದರು. ಟಪಾಲಣ್ಣ ಅಂಚೆಮನೆಯಿಂದ ಬೆಟ್ಟದ ದಾರಿಯ ಹಳ್ಳಿಗಳಿಗೆ ಚೀಲ ಹೊತ್ತು ನಡೆಯುತ್ತಿದ್ದವನು. ನನಗಿಂತ ಹದಿನೈದು ವರ್ಷವಾದರೂ ದೊಡ್ಡವನು. ಕೈಯಲ್ಲಿ ಗೆಜ್ಜೆ ಕಟ್ಟಿದ ಈಟಿ. ಗೆಜ್ಜೆ ಐದಿದ್ದವೋ ಏಳೋ, ಈಗ ಆಣೆ ಮಾಡಿ ಹೇಳಲಾರೆ. ಕಾಡುಪ್ರಾಣಿಗಳು ದಾರಿ ಬಿಡಲಿ ಎಂದು ಅದನ್ನು ಕಟ್ಟುತ್ತಿದ್ದರಂತೆ. ನನ್ನ ಮಕ್ಕಳಿಗೆ ಮಾತ್ರ ಅದು ಗಂಟೆ ಹೊಡೆಯುವ ಮುನ್ನವೇ ಪುಸ್ತಕ ಮುಚ್ಚಲು ಸಿಗುತ್ತಿದ್ದ ನೆಪ.

ಮಳೆಗಾಲ ಕಳೆದರೆ ಆ ಸೀಮೆಯಲ್ಲಿ ಚಳಿಜ್ವರ. ಬಾವಿಕಟ್ಟೆಯಲ್ಲಿ, ಗದ್ದೆಯಲ್ಲಿ, ನನ್ನ ಮುಂದಿನ ಬೆಂಚಿನಲ್ಲಿ ಜನ ಕಂಬಳಿ ಹೊದ್ದು ನಡುಗುತ್ತಿದ್ದರು. ಕೇರಿಯ ಮಕ್ಕಳ ಹೊಟ್ಟೆಯ ಎಡಗಡೆ ಗುಲ್ಮ ಊದಿ ಜ್ವರಗಡ್ಡೆಯಾಗಿ ಕೈಗೆ ಸಿಗುತ್ತಿತ್ತು. ಬೆಟ್ಟದ ಸೋಲಿಗರ ಪೋಡುಗಳಲ್ಲಿ, ಅಂದರೆ ಅವರ ಹತ್ತಿಪ್ಪತ್ತು ಗುಡಿಸಲುಗಳ ಹಳ್ಳಿಗಳಲ್ಲಿ, ಎಷ್ಟು ಜನ ಮಲಗಿದ್ದಾರೆಂದು ಕೇಳುವವರೇ ಇರಲಿಲ್ಲ. ಯುದ್ಧದಿಂದಾಗಿ ಕ್ವಿನೈನ್ ಬರುವುದೇ ಕಷ್ಟವಾಗಿತ್ತು. ಸರ್ಕಾರದಿಂದ ವಾರಕ್ಕೊಂದು ಡಬ್ಬ ಬರುತ್ತಿತ್ತು. ಅದು ದೊಡ್ಡಬೀದಿಯ ಸಾಹುಕಾರರ ಮಂಡಿಯಲ್ಲಿ ಇಳಿಯುತ್ತಿತ್ತು. ದೊಡ್ಡಬೀದಿಯವರು ತೆಗೆದುಕೊಂಡ ಮೇಲೆ ಉಳಿದರೆ ಬೇರೆ ಬೀದಿ. ಕೇರಿಯವರೆಗೆ ಅದು ಉಳಿದದ್ದನ್ನು ನಾನು ಕಾಣೆ.

ನಾನು ಶಾಲೆಯ ಕರಿಹಲಗೆಯನ್ನು ಜಗಲಿಗೆ ತರಿಸಿ, ಸಾಹುಕಾರರನ್ನೂ ಕೇರಿಯ ಯಜಮಾನನನ್ನೂ ಕರೆಸಿ, ಸೊಳ್ಳೆಯ ಚಿತ್ರ ಬರೆದು ವಿವರಿಸಿದೆ. ಸಾಹುಕಾರರು ಕುರ್ಚಿಯಲ್ಲಿ, ಯಜಮಾನ ಅಂಗಳದಲ್ಲಿ. ಅರ್ಧ ಗಂಟೆ ಮಾತಾಡಿರಬೇಕು. ಸಾಹುಕಾರರು ಆಕಳಿಸಿದರು.

"ಎಲ್ಲಾ ಸರಿ ಮೇಷ್ಟ್ರೇ. ಮೊದ್ಲು ಊರೊಳಗ್ನವ್ರು ವಾಸಿಯಾಗ್ಲಿ. ಮಿಕ್ಕಿದ್ರೆ ಕೇರಿಗೆ ಕೊಟ್ರಾಯ್ತು."

ಕಂಬಕ್ಕೆ ಈಟಿ ಒರಗಿಸಿ ನಿಂತಿದ್ದ ಟಪಾಲಣ್ಣ ಕೇಳಿದ: "ಕೇರೀಲಿ ಕಚ್ಚಿದ್ ಸೊಳ್ಳೆ ಕಾಲ್ ತೊಳ್ಕಂಡು ನಿಮ್ಮನೆ ಒಳೀಕೆ ಬತ್ತದಾ ಸಾವ್ಕಾರ್ರೇ?"

"ಥೂ ನಿನ್ನ, ಮಾತ್ಗೇನ್ ಕಮ್ಮಿ ಇಲ್ಲ ಮುಂಡೇದ್ಕೆ!" ಎಂದು ಸಾಹುಕಾರರು ನಕ್ಕರು. ನಕ್ಕ ಮೇಲೆ ಯೋಚಿಸಿದರು. ಈ ಮಾತನ್ನು ನಾನು ಮುಂದೆ ಎಷ್ಟೋ ಸಭೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಹೇಳಿ ಹೇಳಿ ಅದು ನನ್ನದೇ ಮಾತೇನೋ ಎಂಬ ಅನುಮಾನ ಕೆಲವು ಸಲ ಬರುತ್ತದೆ. ಇಲ್ಲ, ಅವನದೇ. ಕಾಲು ತೊಳೆಯುವುದು ನನಗೆ ಹೊಳೆಯುತ್ತಿರಲಿಲ್ಲ. ಸಾಹುಕಾರರು ಒಪ್ಪಿದ್ದಕ್ಕೆ ಸೊಳ್ಳೆಯೊಂದೇ ಕಾರಣವೂ ಅಲ್ಲ ಎನ್ನಬೇಕು. ರಾಗಿ ಕೊಯ್ಲಿಗೆ ಬಂದಿತ್ತು, ಕೊಯ್ಯುವವರೆಲ್ಲ ಕೇರಿಯಲ್ಲಿ ನಡುಗುತ್ತ ಮಲಗಿದ್ದರು.

ಹೀಗೆ ನಮ್ಮ ಕಮಿಟಿ ಆಯಿತು: ಸಾಹುಕಾರರು, ಕೇರಿಯ ಯಜಮಾನ, ಸಂತೆಗೆ ಜೇನು ತರುತ್ತಿದ್ದ ಒಂದು ಪೋಡಿನ ಹಿರಿಯ, ನಾನು. ಮಾತ್ರೆ ಮುಟ್ಟಿಸುವ ಕೆಲಸ ಟಪಾಲಣ್ಣನದು. ಹೇಗೂ ಆ ದಾರಿಯಲ್ಲಿ ನಡೆಯುವವನು.

ಮೊದಲ ವಾರ ಅವನ ಜೊತೆ ಕೇರಿಗೆ ನಾನೂ ಹೋಗಿದ್ದೆ. ಹುಣಸೆಮರದ ಕೆಳಗೆ ಜನ ಸೇರಿದರು. ಡಬ್ಬ ಬಿಚ್ಚಿದರೂ ಯಾರೂ ಕೈ ಚಾಚಲಿಲ್ಲ.

"ತಪ್ ತಿಳ್ಕಬ್ಯಾಡಿ ಅಣ್ಣೋ," ಎಂದ ಯಜಮಾನ. "ಊರ್ನವ್ರು ಇದುವರ್ಗೂ ನಮ್ಗೆ ಏನ್ನೂ ಸುಮ್ಕೆ ಕೊಟ್ಟೋರಲ್ಲ. ಇದ್ಯಾಕ್ ಕೊಡ್ತಾವ್ರೆ? ನೀವೊಂದ್ ನುಂಗಿ, ನೋಡಾವ."

ಟಪಾಲಣ್ಣ ಒಂದು ಮಾತ್ರೆ ಬಾಯಿಗೆ ಹಾಕಿಕೊಂಡ. ಮುಖ ಕಿವುಚಿತು. "ನೀರ್ ಕೊಡವ್ವೋ," ಎಂದ, ಎದುರಿಗಿದ್ದ ಮುದುಕಿಗೆ. ಅವಳು ಅಲುಗಲಿಲ್ಲ. ಊರಿನ ಒಕ್ಕಲುಮನೆಯವನಿಗೆ ಕೇರಿಯ ಮಡಕೆಯ ನೀರು ಕೊಡುವುದು ಹೇಗೆ? ಕೊಟ್ಟರೆ ಯಾರ ಮೇಲೆ ಬರುತ್ತದೋ... "ನೋಡ್ತಾ ನಿಂತಿದ್ದೀಯಲ್ಲವ್ವ! ಬಾಯೆಲ್ಲ ಇಸ ಆದಂಗಾಯ್ತು!"

ಇಸ ಎಂಬ ಮಾತು ಕೇಳಿದ್ದೇ ಜನ ಎರಡು ಹೆಜ್ಜೆ ಹಿಂದೆ ಸರಿದರು. ಹುಡುಗರಿಬ್ಬರು ಓಡಿಯೇಹೋದರು. ಟಪಾಲಣ್ಣ ಬಾಯಲ್ಲಿ ಮಾತ್ರೆ ಇಟ್ಟುಕೊಂಡೇ ಗಹಗಹಿಸಿ ನಕ್ಕ. ಆ ನಗು ನೋಡಿ ಮುದುಕಿ ಒಳಗೆ ಹೋಗಿ ಮಡಕೆಯನ್ನೇ ಎತ್ತಿ ತಂದಳು. ಅವನು ಬೊಗಸೆಯೊಡ್ಡಿ ಗಟಗಟನೆ ಕುಡಿದ. ಆಮೇಲೆ ಸಾಲು ನಿಂತಿತು.

ಸುದ್ದಿ ಅವನಿಗಿಂತ ಮೊದಲೇ ದೊಡ್ಡಬೀದಿ ಮುಟ್ಟಿತು. "ಮಾತ್ರೆ ಸರ್ಕಾರದ್ದು, ಸರಿ. ನೀರ್ ಯಾರ್ದಲಾ?" ಎಂದು ಸಾಹುಕಾರರು ಬೀದಿಯಲ್ಲೇ ತಡೆದು ಕೇಳಿದರು. "ಬಾವೀದು," ಎಂದು ಇವನು ನಡೆದೇಬಿಟ್ಟ. ಆದರೆ ಮನೆಯಲ್ಲಿ ಅವನ ತಾಯಿ ಊಟದ ತಟ್ಟೆಯನ್ನು ಹೊರಗಿಟ್ಟರು. ನನಗೆ ಕಸಿವಿಸಿಯಾಗಿ ವಿಚಾರಿಸಿದರೆ, "ಜಗ್ಲೀಲೇ ಗಾಳಿ ಚೆಂದಾಗ್ ಬತ್ತದೆ ಸಾ," ಎಂದ. ಎಷ್ಟು ದಿನ ಜಗಲಿಯಲ್ಲಿ ಉಂಡನೋ ನಾನು ಮತ್ತೆ ಕೇಳಲಿಲ್ಲ.

ಮುಂದಿನ ವಾರಗಳಲ್ಲಿ ಅವನೊಬ್ಬನೇ ಹೋಗುತ್ತಿದ್ದ. ನನಗೆ ಶಾಲೆ. ಸಂತೆಯ ದಿನ ಕೇರಿಯ ಹುಣಸೆಮರದಡಿ ಡಬ್ಬ ಬಿಚ್ಚಿ, ಅಲ್ಲಿ ಕೊಟ್ಟು, ಪೋಡಿನ ಹಿರಿಯನ ಜೊತೆ ಬೆಟ್ಟದ ದಾರಿ ಹಿಡಿಯುತ್ತಿದ್ದ. ವಾಪಸು ಬಂದಾಗ ನಾನು ಮಾತ್ರೆ ಪಡೆದವರು ಪಟ್ಟಿಯಲ್ಲಿ ಒತ್ತಿದ ಹೆಬ್ಬೆಟ್ಟಿನ ಗುರುತು ಎಣಿಸಿ, ಉಳಿದ ಮಾತ್ರೆ ಎಣಿಸುತ್ತಿದ್ದೆ. ಪ್ರತಿ ವಾರವೂ ಒಂದು ಮಾತ್ರೆ ಕಮ್ಮಿ.

ಇದನ್ನು ಬರೆಯಲು ಈಗಲೂ ಮುಜುಗರ. ನಾನು ಓದಿದವನು, ಅನುಮಾನಿಸುವುದೇ ಬುದ್ಧಿ ಎಂದುಕೊಂಡಿದ್ದವನು. ಸಾಹುಕಾರರು ಒಮ್ಮೆ ಮೀಸೆಯಡಿಯಲ್ಲಿ ನಕ್ಕು, "ಟಪಾಲ್ನವ್ನ ಕೈ ಒಸಿ ಉದ್ದ ಅಲ್ವಾ ಮೇಷ್ಟ್ರೇ?" ಎಂದಾಗ ನಾನು ಬಾಯಲ್ಲಿ ಇಲ್ಲವೆಂದೆ. ಮನಸ್ಸಿನಲ್ಲಿ ಹೌದೆಂದೆ. ಮುಂದಿನ ವಾರವೇ ಡಬ್ಬದ ಮಾತ್ರೆಗಳನ್ನು ಹಂಚಿ ಕೇರಿಗೊಂದು, ಐದು ಪೋಡುಗಳಿಗೆ ಒಂದೊಂದು ಎಂದು ಆರು ಕಾಗದದ ಕಟ್ಟು ಕಟ್ಟಿದೆ. ಅಂಚೆಮನೆಯ ಅರಗು ಕಾಯಿಸಿ ಒಂದೊಂದಕ್ಕೂ ಮೊಹರು ಒತ್ತಿದೆ. ಟಪಾಲಣ್ಣ ಅವನ್ನು ಎರಡು ಕೈಯಲ್ಲಿ ತೆಗೆದುಕೊಂಡು ಹಿಗ್ಗಿದ.

"ನಮ್ ಟಪಾಲ್ನಂಗೇ ಮೊಹರು ಹಾಕಿದ್ದೀರಲ್ಲ ಸಾ! ಈಗ ಬೋ ಮರ್ಯಾದೆ ಬಂತು ಇದ್ಕೆ."

ಅವನ ಮುಖ ನೋಡಲಾಗದೆ ನಾನು ಅರಗಿನ ಕಡ್ಡಿ ಒರೆಸುತ್ತ ಕೂತೆ.

ಮೊಹರು ಹಾಕಿದ ಮೇಲೆ ಪ್ರತಿ ಕಟ್ಟಿನಲ್ಲೂ ಒಂದೊಂದು ಕಮ್ಮಿ ಬಂತು. ವಾರಕ್ಕೆ ಆರು. ಇಷ್ಟು ಶಿಸ್ತಿನ ಕಳ್ಳನನ್ನು ನಾನು ಕಂಡಿಲ್ಲವೆಂದು ಒಳಗೊಳಗೇ ನಕ್ಕೆ. ಮೊದಲ ದಿನ ಅವನು ನುಂಗಿ ತೋರಿಸಿದ್ದನ್ನು ಕಣ್ಣಾರೆ ಕಂಡಿದ್ದವನಿಗೆ ಉತ್ತರ ಯಾಕೆ ಹೊಳೆಯಲಿಲ್ಲ? ಅದು ಅಂದಿಗೆ ಮುಗಿದ ಮಾತು ಎಂದುಕೊಂಡಿದ್ದೆ.

ಬೇಸಗೆಗೆ ಮುಂಚೆ ಒಂದು ಸಂತೆಯ ದಿನ ಅವನು ಶಾಲೆಯ ಜಗಲಿಗೆ ಬಂದು ಈಟಿಯನ್ನು ನನ್ನ ಮುಂದೆ ಹಿಡಿದ. ಜೊತೆಯಲ್ಲಿ ಪೋಡಿನ ಹಿರಿಯನಿದ್ದ.

"ಕೊಳ್ಳೇಗಾಲಕ್ ಓದ್ರೆ ನಾಲ್ಕ್ ಗೆಜ್ಜೆ ತಂದ್ಕೊಡಿ ಸಾ. ಇವು ಸತ್ತೋಗವೆ. ಸದ್ದೇ ಇಲ್ಲ."

ನಾನು ಈಟಿ ಅಲುಗಿಸಿದೆ. ಗೆಜ್ಜೆ ಘಲ್ಲೆಂದಿತು. ಒಳಗಿದ್ದ ಮಕ್ಕಳೆಲ್ಲ ತಿರುಗಿ ನೋಡಿದರು, ಒಬ್ಬ ಪುಸ್ತಕ ಮುಚ್ಚಿಯೂಬಿಟ್ಟ. ಟಪಾಲಣ್ಣ ನನ್ನ ಕೈಯನ್ನೇ ನೋಡುತ್ತಿದ್ದ, ಇನ್ನೂ ಜೋರಾಗಿ ಅಲುಗಿಸಲಿ ಎಂಬಂತೆ.

"ಏನು ಟಪಾಲಣ್ಣ, ಕೇಳಿಸ್ತಿಲ್ವಾ?" ಎಂದು ಕೂಗಿದೆ.

"ಕಿವೀಲಿ ಜೀರುಂಡೆ ಕುಂತ್ಬುಟ್ಟವೆ ಸಾ. ಬೆಟ್ಟದವು ಇರ್ಬೇಕು, ಊರ್ಗೂ ಬತ್ತವೆ ನನ್ ಜೊತೇಲಿ," ಎಂದು ನಕ್ಕ.

ನಾನು ಹಿರಿಯನ ಕಡೆ ತಿರುಗಿದೆ. ಅವನು ಗೊತ್ತಿರುವ ವಿಷಯ ಹೇಳುವಂತೆ ಹೇಳಿದ: "ಕಟ್ಟು ಬಿಚ್ದೋನು ಮೊದ್ಲು ತಿನ್ಬೇಕಲ್ಲ ಬುದ್ದಿ. ಜೇನಾದ್ರೂ ಅಂಗೇಯ. ಮೊದ್ಲು ಒಂದೇ ಡಬ್ಬಾ ಇತ್ತು, ಮರದ್ ತಾವ ನಾ ನೋಡ್ತಿದ್ದೆ, ನಮ್ಮೋರ್ಗೆಲ್ಲ ಏಳ್ತಿದ್ದೆ, ಸಾಕಾಯ್ತಿತ್ತು. ಈಗ ನೀವು ಬ್ಯಾರೆ ಬ್ಯಾರೆ ಕಟ್ಟು ಮಾಡಿದ್ದೀರಿ. ಒಂದೊಂದ್ ಪೋಡ್ನಾಗೂ ಒಂದೊಂದ್ ತಿಂದ."

ಅದು ಸೋಲಿಗರೆಲ್ಲರ ಪದ್ಧತಿಯೋ ಆ ಕೆಲವು ಪೋಡುಗಳದ್ದೋ ನನಗೆ ಇಂದಿಗೂ ಗೊತ್ತಿಲ್ಲ. ಗೊತ್ತಾದದ್ದು ಇಷ್ಟೇ: ಡಬ್ಬ ಒಂದಿದ್ದಾಗ ಅವನು ನುಂಗಿದ್ದು ವಾರಕ್ಕೊಂದು. ನಾನು ಅವನನ್ನು ಕಳ್ಳನೆಂದು ತಿಳಿದ ಮೇಲೆ ವಾರಕ್ಕೆ ಆರು, ಎರಡೇ ದಿನದ ಸುತ್ತಿನಲ್ಲಿ, ಮೈಯಲ್ಲಿ ಜ್ವರವೇ ಇಲ್ಲದೆ.

ಯಾಕೆ ಹೇಳಲಿಲ್ಲವೆಂದು ಅವನ ಕಿವಿಗೆ ಬಾಯಿಟ್ಟು ಕೇಳಿದೆ. "ಏಳಿದ್ರೆ ನೀವು ಬ್ಯಾಡ ಅಂತಿದ್ರಿ. ಮಾತ್ರೆ ದಂಡ ಅಂತಿದ್ರಿ. ನಾ ನುಂಗ್ದೆ ಇದ್ರೆ ಅವ್ರು ನುಂಗ್ತಿರ್ಲಿಲ್ಲ ಸಾ."

ಅಂದೇ ಕಮಿಟಿ ಸೇರಿಸಿದೆ. ಎಲ್ಲರಿಗೂ ಗೊತ್ತಿತ್ತು, ಆನೆ ಓಡಾಡುವ ದಾರಿಯಲ್ಲಿ ಕಿವಿ ಕೇಳದವನು ಚೀಲ ಹೊತ್ತು ನಡೆಯುವಂತಿಲ್ಲ. ಅಂಚೆಮನೆಗೆ ತಿಳಿದರೆ ಕೆಲಸವೂ ಹೋಗುತ್ತಿತ್ತು. ಕೇರಿಯ ಯಜಮಾನ ಮೊದಲು ಮಾತಾಡಿದ: "ಇನ್ ಮ್ಯಾಕೆ ಅವ್ರು ನುಂಗಾದ್ ಬ್ಯಾಡ. ಈ ವಾರ ನಾನ್ ನುಂಗ್ತೀನಿ." ಬರುವ ವಾರ ತಾನು ಎಂದ ಪೋಡಿನವನು. ನಾನೂ ಎಂದೆ. ಎಲ್ಲರೂ ಸಾಹುಕಾರರನ್ನು ನೋಡಿದೆವು. ಅವರು ಶಲ್ಯ ಕೊಡವಿ ಎದ್ದು ನಿಂತರು.

"ನೋಡ್ತೀರೇನ್ರಯ್ಯ? ನಾನೂ ನುಂಗ್ತೀನಿ. ನೀರ್ ಮಾತ್ರ ನನ್ ಚೊಂಬಿಂದು."

ಹಾಗೆಯೇ ನಡೆಯಿತು. ಕಟ್ಟು ಹೋಗಿ ಮತ್ತೆ ಒಂದೇ ಡಬ್ಬ ಬಂತು. ಸರದಿ ಬಂದಾಗ ಸಾಹುಕಾರರು ಬೆಳ್ಳಿಯ ಚೊಂಬು ಹಿಡಿದು ಕೇರಿಯ ಹುಣಸೆಮರದವರೆಗೆ ನಡೆದು ಬಂದರು. ಜನ್ಮದಲ್ಲಿ ಅದೇ ಮೊದಲಿರಬೇಕು. ಮಾತ್ರೆ ನುಂಗಿ, ಮುಖ ಕಿವುಚಿ, ಚೊಂಬಿನ ನೀರೆಲ್ಲ ಮುಗಿದರೂ ಕಹಿ ಇಳಿಯದೆ ಸುತ್ತ ನೋಡಿದರು. ಅದೇ ಮುದುಕಿ ಮಡಕೆಯ ಪಕ್ಕದಲ್ಲಿ ನಿಂತಿದ್ದಳು. ಅವರು ಕುಡಿದರು ಎಂದು ಬರೆದರೆ ಕಥೆ ಚೆನ್ನಾಗಿರುತ್ತದೆ. ಕುಡಿಯಲಿಲ್ಲ. ಕೆಮ್ಮುತ್ತ ಮನೆಗೆ ಹೋದರು. ಆದರೆ ತಮ್ಮ ಸರದಿಯನ್ನು ಒಮ್ಮೆಯೂ ತಪ್ಪಿಸಲಿಲ್ಲ... ಎಂದೇ ನನ್ನ ನೆನಪು.

ಟಪಾಲಣ್ಣ ದಾರಿ ಬಿಡಲಿಲ್ಲ. ಕೆಲವು ತಿಂಗಳು ಪೋಡಿನವರು ಒಬ್ಬರಾದ ಮೇಲೊಬ್ಬರು ಅವನ ಮುಂದೆ ನಡೆದರು, ಅವನ ಪರವಾಗಿ ಕಾಡನ್ನು ಕೇಳಿಸಿಕೊಳ್ಳುತ್ತ. ಅಂಚೆಮನೆಯವರಿಗೆ ಇದು ತಿಳಿಯಲಿಲ್ಲ, ತಿಳಿದವರು ಹೇಳಲಿಲ್ಲ. ಕ್ವಿನೈನಿನ ಕಿವುಡು ಮಾತ್ರೆ ಬಿಟ್ಟರೆ ಹೋಗುತ್ತದೆಂದು ಪುಸ್ತಕಗಳು ಹೇಳುತ್ತವೆ. ಅವನ ಬಲಗಿವಿ ಬಹಳಮಟ್ಟಿಗೆ ತಿರುಗಿ ಬಂತು. ಎಡಗಿವಿ ಬರಲಿಲ್ಲ. ಅದು ಮೊದಲೇ ಮಂದವಿತ್ತೋ ಏನೋ ಎಂದು ನಾನು ಎಷ್ಟೋ ಸಲ ನನಗೇ ವಾದ ಹೂಡಿದ್ದೇನೆ. ವಾದದಲ್ಲಿ ಗೆದ್ದೂ ಇದ್ದೇನೆ. ಗೆದ್ದು ಸಮಾಧಾನವಾಗಿಲ್ಲ.

ಯುದ್ಧ ಮುಗಿದ ಮೇಲೆ ನನಗೆ ಮೈಸೂರಿನಲ್ಲಿ ಕೆಲಸವಾಯಿತು. ಬಸ್ಸು ಹತ್ತಿಸಲು ಅವನು ಬಂದಿದ್ದ, ನನ್ನ ಎಡಕ್ಕೆ ಸುತ್ತಿ ಬಂದು ಬಲಗಿವಿ ಕೊಟ್ಟು ನಿಂತ. ಅರಗಿನ ಮೊಹರು ಯಾಕೆ ಹಾಕಿದೆ ಎಂದು ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವನೇ ಮೊದಲು, "ಅಲ್ಲೂ ಅಂಗೇ ಚೆಂದಾಗ್ ಮೊಹರು ಹಾಕಿ ಸಾ," ಎಂದ. ಬಸ್ಸು ಹೊರಟಿತು. ಕೆಲವು ವರ್ಷದ ಮೇಲೆ ಅವನು ತೀರಿಕೊಂಡನೆಂದು ಯಾರೋ ಹೇಳಿದರು.

ಬಹಳ ಕಾಲದ ನಂತರ ಮಹದೇಶ್ವರ ಬೆಟ್ಟಕ್ಕೆ ಹೋಗುವಾಗ ಬಸ್ಸು ಕೆಟ್ಟು ಒಂದು ಪೋಡಿನ ಹತ್ತಿರ ನಿಂತಿತು. ಗುಡಿಸಲ ಮುಂದೆ ಒಬ್ಬ ಅಜ್ಜಿ ಮೊಮ್ಮಗಳಿಗೆ ಮಾತ್ರೆ ಕುಡಿಸುತ್ತಿದ್ದಳು. ಮೊದಲು ಉಗುರಿನಿಂದ ಒಂದು ಚೂರು ಮುರಿದು ತನ್ನ ನಾಲಿಗೆಗೆ ಇಟ್ಟುಕೊಂಡು, ಮುಖ ಕಿವುಚಿ, ಆಮೇಲೆ ಉಳಿದದ್ದನ್ನು ಮಗುವಿನ ಬಾಯಿಗೆ ಹಾಕಿದಳು. ಟಪಾಲಣ್ಣನನ್ನು ನೋಡಿದ್ದಳೋ, ಅಥವಾ ಅವನೇ ಅವಳಂಥವರಿಂದ ಕಲಿತಿದ್ದನೋ... ಕೇಳಬಹುದಿತ್ತು. ಕೇಳಲಿಲ್ಲ.

ಇವತ್ತಿನ ಮಾತ್ರೆ ಇನ್ನೂ ಅಂಗೈಯಲ್ಲೇ ಇದೆ. ಪಕ್ಕದಲ್ಲಿ ಲೋಟ ತುಂಬ ನೀರಿದೆ. ಪೊಟ್ಟಣ ಬಿಚ್ಚಿದವನು ನಾನೇ. ನನ್ನೆದುರು ಮೊದಲು ನುಂಗಿ, ಮುಖ ಕಿವುಚಿ, ನಗುವವನು ಇಲ್ಲ.